ಎರಡು ಕಡ್ಡಿಗಳ ನಡುವೆ

ತದಡಿಯ ದೋಣಿಯಲ್ಲಿ ಚೀಟಿ ಹರಿಯುವವ ನಾನು.
ಈ ದಡದಿಂದ ಆ ದಡಕ್ಕೆ ಹನ್ನೆರಡು ನಿಮಿಷ;
ಮಾತಿಗೆ ಸಾಕು, ಜಗಳಕ್ಕೆ ಸಾಲದು.
ಅದಕ್ಕೇ ನಮ್ಮ ಹೊಳೆಯ ಜಗಳಗಳು
ಮಾರನೇ ದಿನದ ದೋಣಿಯಲ್ಲಿ ಮುಂದುವರಿಯುತ್ತವೆ.

ಈ ಜರಡಿಯ ಜಗಳ ಹನ್ನೊಂದು ದಿನ ನಡೆಯಿತು.

ಶುರುವಾದದ್ದು ಹಮ್ಮು ಗೌಡನ ಊಟದ ಬಟ್ಟಲಲ್ಲಿ.
ಸೈಕಲ್ ರಿಪೇರಿಯವನಿಗೆ ಹೊಳೆಯ ಗೊಡವೆ ಏನು?
ಬಳಚಿನ ಸುಕ್ಕಾ ಅಂತ ಚಿಪ್ಪು ಬಿಡಿಸಿದರೆ
ಒಳಗೆ ಭತ್ತದ ಕಾಳಿಗಿಂತ ತುಸು ದಪ್ಪ ಮಾಂಸ.
ಎಣಿಸಿದನಂತೆ: ಒಂದು ತುತ್ತಿಗೆ ಮೂವತ್ತೆರಡು ಚಿಪ್ಪು.
"ಇದು ಉಂಡದ್ದಲ್ಲ, ಬಿತ್ತನೆ ಬೀಜ ಹುರಿದು ತಿಂದದ್ದು"
ಅಂದವನೇ ಕೈ ತೊಳೆದು ಅಂಗಡಿಗೆ ನಡೆದ.

ಅಂಗಡಿಯ ಮೂಲೆಯಲ್ಲಿ ಗಾಲಿಗಳ ರಾಶಿ,
ಸರ್ಕಾರ ಕೊಟ್ಟ ಶಾಲೆ ಸೈಕಲ್ಲುಗಳವು,
ಉಪ್ಪುಗಾಳಿಗೆ ಎರಡೇ ಮಳೆಗಾಲದಲ್ಲಿ ಮುದಿಯಾದವು.
ಗಟ್ಟಿ ಇದ್ದ ಕಡ್ಡಿಗಳನ್ನು ಹಲ್ಲು ಕಿತ್ತ ಹಾಗೆ ಕಿತ್ತು
ಬಿದಿರ ಚೌಕಟ್ಟಿಗೆ ಒಂದರ ಪಕ್ಕ ಒಂದು ಬಿಗಿದ;
ಸುತ್ತ ಗಾಳಿ ತುಂಬಿದ ಟ್ಯೂಬು, ಸೊಂಟಕ್ಕೊಂದು ಹಗ್ಗ.
ಎದೆಮಟ್ಟ ನೀರಲ್ಲಿ ನಡೆವವಳ ಹಿಂದೆ
ಕರುವಿನಂತೆ ತೇಲಿಕೊಂಡು ಬರಬೇಕು.
ಭಾರ ಬೆನ್ನಿಗಲ್ಲ, ನೀರಿಗೆ.
ಕೆಸರೂ ಮರಿಯೂ ಕೆಳಗೆ, ಬೆಳೆದದ್ದು ಮೇಲೆ.

ಸರಿ. ಕಡ್ಡಿಗೂ ಕಡ್ಡಿಗೂ ನಡುವೆ ಎಷ್ಟು ಸಂದು?

"ಹೆಬ್ಬೆರಳಿನ ಉಗುರಷ್ಟು" ಅಂದಳು ಮಂಕಾಳಿ.
"ಯಾರ ಉಗುರು?" ಅಂದಳು ಶಿವಿ.
ದೋಣಿಯ ಹಲಗೆಯ ಮೇಲೆ ಹದಿನಾಲ್ಕು ಹೆಬ್ಬೆರಳು ಸಾಲಾದವು.
ಒಂದಕ್ಕೂ ನೆಟ್ಟಗಿನ ಉಗುರಿಲ್ಲ;
ಮರಳು ಕೆದಕಿ ಕೆದಕಿ ತುದಿ ಸವೆದು
ಅಳತೆ ಹೊಳೆಗೇ ಹೋಗಿಬಿಟ್ಟಿದೆ.
ನನ್ನ ಚೀಲದ ತಳದಲ್ಲಿತ್ತು ಒಂದು ನಾಲ್ಕಾಣೆ,
ಯಾರೋ ದಾಟಿಸಿ ಹೋದದ್ದು, ಮತ್ತೆ ಯಾರೂ ಮುಟ್ಟದ್ದು.
ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು.
"ಇದು ಸರಿ" ಅಂದ ಹಮ್ಮು, "ಇದಕ್ಕಿಂತ ಸಣ್ಣದೆಲ್ಲ ಹೊಳೆಯದ್ದು."

ಆಗ ಸೋಮಿ, ತುದಿಯಲ್ಲಿ ಕೂತವಳು, ತಿರುಗದೆಯೇ ಕೇಳಿದಳು:
"ತಕ್ಕಡಿಗೆ ಎಂತಾ ಹಾಕುದು?
ಸಾಹುಕಾರ ದುಡ್ಡು ಕೊಡುದು ಕಿಲೋ ಲೆಕ್ಕದಲ್ಲಿ,
ದಯೆಯ ಲೆಕ್ಕದಲ್ಲಿ ಅಲ್ಲ."
ಅವಳ ಮನೆಯಲ್ಲಿ ದುಡಿಯುವ ಕೈ ಎರಡೇ, ಎರಡೂ ಅವಳವೇ.
ದಡ ಬರುವವರೆಗೆ ಎಂಜಿನ್ನು ಮಾತ್ರ ಮಾತಾಡಿತು.

ಮೊದಲ ಹುಣ್ಣಿಮೆಗೆ ನಾಲ್ಕು ಜರಡಿ ನೀರಿಗಿಳಿದವು.
ಒಂದರ ಟ್ಯೂಬು ತೂತಾಗಿ ಮುಳುಗಿತು.
ಮಂಕಾಳಿಯ ಬುಟ್ಟಿ ಮೂರು ಕಿಲೋ ಕಮ್ಮಿ ತೂಗಿತು,
ಅವಳ ಗಂಡ ಅಂದದ್ದನ್ನು ನಾನಿಲ್ಲಿ ಬರೆಯುವುದಿಲ್ಲ.
ಅವಳು ಸಾಹುಕಾರನ ಅಂಗಳದ ರಾಶಿಯನ್ನೇ ಜರಡಿಗೆ ಸುರಿದು
ಅಲ್ಲಾಡಿಸಿ ತೋರಿಸಿದಳು, ಎಷ್ಟು ಬರೀ ಚಿಪ್ಪು, ಎಷ್ಟು ಮಾಂಸ.
ದಪ್ಪದ್ದಕ್ಕೆ ಎಂಟು ರೂಪಾಯಿ ಹೆಚ್ಚು ಕೊಡಲು ಒಪ್ಪಿದ.
ಲೆಕ್ಕ ಹಾಕಿದರೆ ಇನ್ನೂ ನಷ್ಟವೇ, ಮೊದಲಿನಷ್ಟಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ಬೆಳಗು
ಸೋಮಿ ದೋಣಿ ಹತ್ತಿದಳು, ಬಗಲಲ್ಲಿ ಮೀನಿನ ಪ್ಲಾಸ್ಟಿಕ್ ಕ್ರೇಟು,
ಬಂದರಿನಲ್ಲಿ ಯಾರೋ ಒಡೆದು ಎಸೆದದ್ದು.
ತಳದ ತುಂಬ ಕಾದ ಕಬ್ಬಿಣದಿಂದ ಸುಟ್ಟ ತೂತು,
ಸಾಲು ಸೊಟ್ಟ, ಅಳತೆ ಸೊಟ್ಟವಲ್ಲ.
ತುಕ್ಕಿಲ್ಲ, ಟ್ಯೂಬಿಲ್ಲ, ನಾಲ್ಕು ಮೂಲೆಗೆ ಬಲೆಯ ಬೆಂಡು.
ಹಮ್ಮು ಅದನ್ನು ಬೋರಲು ಹಾಕಿ ನೋಡಿದ, ಎತ್ತಿ ನೋಡಿದ,
ಮುಖ ಸಣ್ಣದಾಯಿತು, ಆಮೇಲೆ ಕಣ್ಣು ದೊಡ್ಡದಾಯಿತು.
"ತೂತು ಹೇಗೆ ಅಳೆದೆ?"
ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿಂದ
ಅವಳು ತೆಗೆದಳು ನನ್ನ ನಾಲ್ಕಾಣೆ.
ಕಳೆದದ್ದು ನನಗೆ ಗೊತ್ತೂ ಇರಲಿಲ್ಲ.

ಹೊಳೆಯಲ್ಲಿ ಬಳಚು ಹೆಚ್ಚಿತೋ ಇಲ್ಲವೋ
ಎರಡು ವರ್ಷ ಬೇಕಂತೆ ಹೇಳಲು.
ಈಗ ಇಳಿತದ ಹೊತ್ತಿಗೆ ಎಂಜಿನ್ನು ನಿಲ್ಲಿಸಿದರೆ
ಕೇಳುತ್ತದೆ, ಸಣ್ಣಗೆ, ಅಲ್ಲಲ್ಲಿ,
ಮರಿಚಿಪ್ಪುಗಳು ನೀರಿಗೆ ಮರಳುವ ಸದ್ದು,
ಚಿಲ್ಲರೆ ಚೆಲ್ಲಿದ ಹಾಗೆ.
ಕೈ ತಾನಾಗಿ ನನ್ನ ಚೀಲದ ಬಾಯಿಗೆ ಹೋಗುತ್ತದೆ.